ಗಾಜಿನ ನಳಿಕೆ, ಹುರಿಹಗ್ಗ ಮತ್ತು ಹತ್ತು ವಯಲ್

ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸಾ ಕೊಠಡಿ. ಗದ್ದೆಯ ಬದುವಿನ ಮೇಲೆ ಹಾವು ಕಚ್ಚಿಸಿಕೊಂಡವರನ್ನು ಮಂಚದ ಮೇಲೆ ಮಲಗಿಸಿದ್ದಾರೆ. ಜತೆಗೆ ಬಂದವರದು ಒಂದೇ ಮಾತು: ‘ಮೊದ್ಲು ಇಂಜೆಕ್ಷನ್ ಕೊಡಿ ಸಾರ್.’ ನರ್ಸ್ ಮಾತ್ರ ತೋಳಿನಿಂದ ಎರಡು ಮಿಲಿಲೀಟರ್ ರಕ್ತ ತೆಗೆದು, ಸಣ್ಣದೊಂದು ಗಾಜಿನ ನಳಿಕೆಗೆ ಬಿಟ್ಟು, ಅದನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಗಡಿಯಾರ ನೋಡಿಕೊಳ್ಳುತ್ತಾರೆ. ಇನ್ನು 20 ನಿಮಿಷ ಅದನ್ನು ಯಾರೂ ಮುಟ್ಟುವಂತಿಲ್ಲ, ಅಲ್ಲಾಡಿಸುವಂತಿಲ್ಲ. ಆಮೇಲೆ ಒಮ್ಮೆ ಓರೆ ಮಾಡಿ ನೋಡುವುದು. ರಕ್ತ ಗಟ್ಟಿ ಮೊಸರಿನಂತೆ ಕದಲದೆ ನಿಂತರೆ ಸದ್ಯಕ್ಕೆ ಸಮಾಧಾನ. ನೀರಾಗಿ ಹರಿದರೆ ಕಚ್ಚಿದ್ದು ಮಂಡಲದ ಜಾತಿಯದೇ ಎಂಬುದು ಹೆಚ್ಚುಕಡಿಮೆ ಖಚಿತ.

ಈ ಪರೀಕ್ಷೆಗೆ ಲ್ಯಾಬ್ ಬೇಡ, ಕರೆಂಟೂ ಬೇಡ. ಆದರೆ ನಳಿಕೆ ಗಾಜಿನದೇ ಆಗಿರಬೇಕು, ಒಣಗಿರಬೇಕು, ಶುಚಿಯಾಗಿರಬೇಕು. ಪ್ಲಾಸ್ಟಿಕ್ಕಿನದಾದರೆ ಆರೋಗ್ಯವಂತರ ರಕ್ತವೂ ಹೊತ್ತಿಗೆ ಸರಿಯಾಗಿ ಹೆಪ್ಪುಗಟ್ಟದೆ ವೈದ್ಯರ ದಾರಿ ತಪ್ಪಿಸುತ್ತದೆ. ಸೋಪಿನ ಪುಡಿ ಹಾಕಿ ತೊಳೆದು ಮತ್ತೆ ಬಳಸಿದ ನಳಿಕೆಯ ಕಥೆಯೂ ಅಷ್ಟೆ. ಒಸಡಿನಿಂದ ರಕ್ತ ಜಿನುಗುತ್ತಿದ್ದರೆ ಅಥವಾ ಕಣ್ಣಿನ ರೆಪ್ಪೆ ಜೋಲುತ್ತಿದ್ದರೆ ಗಡಿಯಾರ ನೋಡುತ್ತ ಕೂರುವ ಪ್ರಶ್ನೆಯೇ ಇಲ್ಲ, ಔಷಧ ಶುರುವಾಗಬೇಕು. ಕೊಟ್ಟ ಔಷಧ ಸಾಕಾಯಿತೇ ಎಂದು ಆರು ಗಂಟೆ ಬಿಟ್ಟು ಮತ್ತೆ ನೋಡುವುದೂ ಇದೇ ನಳಿಕೆಯಲ್ಲೇ.

ನಮ್ಮ ಹೊಲಗದ್ದೆಗಳಲ್ಲಿ ರಕ್ತವನ್ನು ಹೀಗೆ ನೀರು ಮಾಡುವ ಮೊದಲ ಆರೋಪಿ ಕೊಳಕುಮಂಡಲ. ದಪ್ಪ ಮೈ, ಬೆನ್ನಿನುದ್ದಕ್ಕೂ ಸಾಲಾಗಿ ಕಂದು ಬಣ್ಣದ ಉಂಗುರಗಳು, ಜೋರು ಬುಸುಗಾಟ. ಹೆಬ್ಬಾವಿನ ಮರಿಯೆಂದು ಕೈಹಾಕಿ ಕಚ್ಚಿಸಿಕೊಳ್ಳುವವರೂ ಉಂಟು. ಹೆಜ್ಜೆ ಸಪ್ಪಳಕ್ಕೆ ನಾಗರಹಾವು ಸಾಮಾನ್ಯವಾಗಿ ಸರಿದು ಹೋಗುತ್ತದೆ, ಇದು ಇದ್ದಲ್ಲೇ ಮುದುಡಿಕೊಂಡು ಕೂರುತ್ತದೆ. ತುಳಿದವರಿಗೆ ಕಡಿತ ತಪ್ಪಿದ್ದಲ್ಲ. ಇದರ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಒಂದೇ ಏಟಿಗೆ ಬಳಸಿ ಮುಗಿಸಿಬಿಡುತ್ತದೆ. ಆಮೇಲೆ ಮೂತ್ರ ಕಡಿಮೆಯಾಗಿ, ಮೂತ್ರಪಿಂಡ ಸೋತು, ಡಯಾಲಿಸಿಸ್‌ವರೆಗೂ ಹೋಗಬಹುದು. ಬದುಕಿ ಬಂದ ಕೆಲವರಲ್ಲಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹಾಳಾಗಿರುತ್ತದೆ. ತಿಂಗಳುಗಳ ನಂತರ ಸುಸ್ತು, ಕೂದಲು ಉದುರುವುದು, ಮುಟ್ಟು ನಿಲ್ಲುವುದು ಕಾಣಿಸಿಕೊಂಡಾಗ ಅದಕ್ಕೂ ಹಿಂದಿನ ಮಳೆಗಾಲದ ಕಡಿತಕ್ಕೂ ಸಂಬಂಧವಿದೆ ಎಂದು ಮನೆಯವರಿಗೆ ಹೊಳೆಯುವುದೂ ಇಲ್ಲ.

ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆ. ಮನೆಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿದ ‘ಮಿಲಿಯನ್ ಡೆತ್ ಸ್ಟಡಿ’ಯ ಮಾಹಿತಿ ಆಧರಿಸಿ 2020ರಲ್ಲಿ ಪ್ರಕಟವಾದ ಲೆಕ್ಕವಿದು. 2000ದಿಂದ 2019ರವರೆಗಿನ ಸಾವು ಸುಮಾರು 12 ಲಕ್ಷ. ಅದರಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಸ್ಪತ್ರೆಗಳ ದಫ್ತರಿನಲ್ಲಿ ಕಾಣುವ ಸಂಖ್ಯೆ ಇದರ ಒಂದು ಚೂರು ಮಾತ್ರ. ಯಾಕೆಂದರೆ 2011ರಲ್ಲಿ ಬಂದ ಇದೇ ಸರಣಿಯ ಹಿಂದಿನ ಅಧ್ಯಯನದಲ್ಲಿ ಸತ್ತ ನಾಲ್ವರಲ್ಲಿ ಮೂವರು ಆಸ್ಪತ್ರೆಯ ಹೊರಗೇ ಪ್ರಾಣ ಬಿಟ್ಟಿದ್ದರು. ಹಾವಿನ ವಿಷ ನಿಮಿಷಗಳಲ್ಲಿ ಕೊಲ್ಲುವುದು ಅಪರೂಪ, ಬಹುಪಾಲು ಗಂಟೆಗಟ್ಟಲೆ ಸಮಯ ಕೊಡುತ್ತದೆ. ಆ ಗಂಟೆಗಳು ಎಲ್ಲಿ ಸೋರಿ ಹೋಗುತ್ತವೆ ಎಂಬುದೇ ಇಲ್ಲಿನ ವಿಷಯ.

ಮೊದಲು ಕಡಿತ ಆಗುವ ಹೊತ್ತು. ಪಂಪ್‌ಸೆಟ್ಟಿಗೆ ತ್ರಿಫೇಸ್ ಕರೆಂಟು ಪಾಳಿಯ ಮೇಲೆ ಬರುವ ಹಳ್ಳಿಗಳಲ್ಲಿ ರೈತರು ನಡುರಾತ್ರಿ ಎದ್ದು ಹೊಲಕ್ಕೆ ಹೋಗುತ್ತಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಗುದ್ದಲಿ, ಕಾಲಲ್ಲಿ ಹವಾಯಿ ಚಪ್ಪಲಿ. ಮಡೆ ಕಟ್ಟಲು ಬಗ್ಗಿದಾಗ ಟಾರ್ಚು ಬದುವಿನ ಮೇಲೆ, ಕೈ ಹುಲ್ಲಿನೊಳಗೆ. ಕಪ್ಪೆ, ಇಲಿ ಹುಡುಕಿಕೊಂಡು ಹಾವು ಹೊರಡುವುದೂ ಅದೇ ಹೊತ್ತಿಗೆ. ಹಗಲು ಕರೆಂಟು ಕೊಡಿ ಎಂದು ರೈತರು ವಿದ್ಯುತ್ ಕಂಪನಿಗಳ ಕಚೇರಿ ಮುಂದೆ ಕೂತಾಗ ಹೇಳುವ ಕಾರಣಗಳಲ್ಲಿ ಹಾವು ಯಾವಾಗಲೂ ಇರುತ್ತದೆ. ಆರೋಗ್ಯ ಇಲಾಖೆಯ ಕೆಲಸ ಇಂಧನ ಇಲಾಖೆಯ ವೇಳಾಪಟ್ಟಿಯಿಂದ ಹಗುರಾಗುವ ಇಂಥ ಸಂದರ್ಭ ಹೆಚ್ಚೇನೂ ಸಿಗಲಾರದು. ಹಗಲು ಕರೆಂಟು ಸಿಗುವವರೆಗೆ ಮೊಣಕಾಲ ಹತ್ತಿರ ಬರುವ ಗಮ್‌ಬೂಟೇ ಗತಿ. ಕೆಸರಲ್ಲಿ ಅದನ್ನು ಹಾಕಿಕೊಂಡು ನಡೆಯುವುದು ಎಷ್ಟು ಕಷ್ಟ ಎಂಬುದು ಹಾಕಿಕೊಂಡವರಿಗೇ ಗೊತ್ತು.

ಕಟ್ಟುಹಾವಿನ ರೀತಿಯೇ ಬೇರೆ. ಅದು ಹೊಲದಲ್ಲಿ ಕಾಯುವುದಿಲ್ಲ, ರಾತ್ರಿ ಮನೆಯೊಳಗೇ ಬರುತ್ತದೆ. ಕಪ್ಪು ಹೊಳಪಿನ ಮೈ, ಅಡ್ಡಡ್ಡ ತೆಳು ಬಿಳಿ ಪಟ್ಟಿ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಮಗ್ಗುಲಲ್ಲಿ ಹರಿದಾಡುವಾಗ ಅವರು ಹೊರಳಿದರೆ ಕಚ್ಚುತ್ತದೆ. ಎಷ್ಟೋ ಸಲ ನೋವಿಲ್ಲ, ಊತವಿಲ್ಲ, ಹುಡುಕಿದರೂ ಗಾಯ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದು ಕೂರುತ್ತಾರೆ. ಮನೆಯವರು ಅಜೀರ್ಣವೆಂದು ಓಮದ ನೀರು ಕೊಡುವ ಹೊತ್ತಿಗೆ ರೆಪ್ಪೆ ಇಳಿಯುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ. ಕೊನೆಗೆ ಉಸಿರಾಡಿಸುವ ಸ್ನಾಯುಗಳೂ ಕೈಕೊಡುತ್ತವೆ. ಈ ವಿಷ ನರದ ತುದಿಯನ್ನೇ ಕೆಡಿಸುವುದರಿಂದ ತಡವಾಗಿ ಕೊಟ್ಟ ಪ್ರತಿವಿಷ ಆಗಿಹೋದ ಹಾನಿಯನ್ನು ವಾಪಸ್ ತರುವುದಿಲ್ಲ. ನರತುದಿ ಮತ್ತೆ ಚಿಗುರುವವರೆಗೆ, ಕೆಲವೊಮ್ಮೆ ದಿನಗಟ್ಟಲೆ, ವೆಂಟಿಲೇಟರ್ ಉಸಿರಾಡಿಸಬೇಕು. ಅದಿಲ್ಲದ ಕಡೆ ಉಸಿರು ತುಂಬುವ ಅಂಬು ಬ್ಯಾಗನ್ನು ಕೈಯಲ್ಲೇ ಒತ್ತುತ್ತ ದೊಡ್ಡಾಸ್ಪತ್ರೆ ಮುಟ್ಟಿಸಬೇಕು. ಇಂಥ ರೋಗಿ ಕಣ್ಣು ಬಿಡುವುದಿಲ್ಲ, ಕೈಬೆರಳು ಆಡಿಸುವುದಿಲ್ಲ, ಕಣ್ಣಿನ ಪಾಪೆಯೂ ಬೆಳಕಿಗೆ ಸ್ಪಂದಿಸದಿರಬಹುದು. ಮಿದುಳು ಸತ್ತಿದೆ ಎಂದು ಕೈಚೆಲ್ಲುವ ಅಪಾಯ ಇಲ್ಲೇ ಇರುವುದು. ಒಳಗೆ ಅವರಿಗೆ ಸುತ್ತಲಿನ ಮಾತು ಕೇಳಿಸುತ್ತಿರಬಹುದು. ಇಷ್ಟೆಲ್ಲ ತಪ್ಪಿಸುವ ಸಾಧನ ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದ ಒಂದು ಸೊಳ್ಳೆಪರದೆ.

ಇನ್ನು ಊರಲ್ಲಿ ನಡೆಯುವುದು. ‘ಹುಳ ಮುಟ್ಟಿದೆ’ ಎಂಬ ಕೂಗು ಬಿದ್ದ ತಕ್ಷಣ ಯಾರೋ ಹಗ್ಗ ತರುತ್ತಾರೆ. ಹುರಿಹಗ್ಗ, ಟವೆಲ್ಲು, ಪಂಚೆಯ ಅಂಚು, ಕೈಗೆ ಸಿಕ್ಕಿದ್ದು. ಕಚ್ಚಿದ ಜಾಗದ ಮೇಲ್ಭಾಗಕ್ಕೆ ಶಕ್ತಿಯಿದ್ದಷ್ಟು ಬಿಗಿಯುತ್ತಾರೆ. ಮಂಡಲದ ಕಡಿತದಲ್ಲಿ ಕಾಲು ಮೊದಲೇ ಊದುತ್ತಿರುತ್ತದೆ, ಹಗ್ಗವೂ ಸೇರಿ ರಕ್ತ ಓಡಾಡದೆ ಮಾಂಸ ಕೊಳೆಯುತ್ತದೆ. ವಿಷಕ್ಕಿಂತ ಹಗ್ಗದಿಂದಲೇ ಬೆರಳು, ಪಾದ ಕಳೆದುಕೊಂಡವರಿದ್ದಾರೆ. ನಾಗರ, ಕಟ್ಟುಹಾವಿನ ಕಡಿತದಲ್ಲಿ ಇನ್ನೊಂದು ಗಂಡಾಂತರ: ತಡೆದು ನಿಂತ ವಿಷ ಗಂಟು ಬಿಚ್ಚಿದ ಕೂಡಲೇ ಒಟ್ಟಿಗೆ ಮೈಗೇರಿ ಉಸಿರು ನಿಲ್ಲಬಹುದು. ಆದ್ದರಿಂದ ಕಟ್ಟಿಕೊಂಡು ಬಂದವರ ಹಗ್ಗವನ್ನು ಆಸ್ಪತ್ರೆಯ ಬಾಗಿಲಲ್ಲೇ ಕತ್ತರಿಸುವುದಿಲ್ಲ. ಉಸಿರಾಟದ ಸಲಕರಣೆ ಪಕ್ಕಕ್ಕಿಟ್ಟುಕೊಂಡು, ಪ್ರತಿವಿಷ ಹರಿಯತೊಡಗಿದ ಮೇಲೆ ಬಿಚ್ಚುತ್ತಾರೆ. ಬ್ಲೇಡಿನಲ್ಲಿ ಕೊಯ್ಯುವುದಂತೂ ಹೆಪ್ಪುಗಟ್ಟದ ರಕ್ತಕ್ಕೆ ಹೊಸ ಬಾಗಿಲು ತೆರೆದ ಹಾಗೆ.

ನಾಟಿ ವೈದ್ಯರ ಮನೆ ಮುಂದೆ ಜನ ಯಾಕೆ ನಿಲ್ಲುತ್ತಾರೆ? ಅಜ್ಞಾನ ಎಂದು ಕೈತೊಳೆದುಕೊಳ್ಳುವುದು ಸುಲಭ, ಆದರೆ ಅಲ್ಲಿಗೆ ಹೋದವರಲ್ಲಿ ಹೆಚ್ಚಿನವರು ನಿಜಕ್ಕೂ ಬದುಕಿ ಬರುತ್ತಾರೆ. ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿದ್ದು, ಬಹುಪಾಲಿಗೆ ಮನುಷ್ಯನನ್ನು ಕೊಲ್ಲುವ ವಿಷವಿಲ್ಲ. ಕೇರೆಹಾವು, ನೀರುಹಾವು ಕಚ್ಚಿದರೂ ಎರಡು ಹನಿ ರಕ್ತ ಬರುತ್ತದೆ, ಮೈ ನಡುಗುತ್ತದೆ. ಕಟ್ಟುಹಾವನ್ನು ಹೋಲುವ ತೋಳಹಾವು ಕಚ್ಚಿದರೆ ಭಯಕ್ಕೇ ಬವಳಿ ಬರುತ್ತದೆ. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಬರೀ ಹಲ್ಲು ಊರಿ ಹೋಗುತ್ತದೆ. ಇಂಥವರೆಲ್ಲ ಸೊಪ್ಪಿನ ರಸ ಕುಡಿದೂ ಬದುಕುತ್ತಾರೆ, ಕುಡಿಯದೆಯೂ ಬದುಕುತ್ತಾರೆ. ಖ್ಯಾತಿ ಮಾತ್ರ ಸೊಪ್ಪಿಗೆ. ಸತ್ತರೆ ‘ಬಂದದ್ದೇ ತಡವಾಯ್ತು’ ಎಂಬ ಉತ್ತರ ಸಿದ್ಧವಿರುತ್ತದೆ. ಕೆಲವೆಡೆ ಇದೇ ನಾಟಿ ವೈದ್ಯರನ್ನು ಆಸ್ಪತ್ರೆಯ ಜತೆ ಸೇರಿಸಿಕೊಂಡು, ರೆಪ್ಪೆ ಜೋತ ಕೂಡಲೇ ಆಂಬುಲೆನ್ಸ್ ಹತ್ತಿಸುವಂತೆ ಒಪ್ಪಿಸುವ ಯತ್ನ ನಡೆದಿದೆ. ಬೈದು ಬುದ್ಧಿ ಹೇಳುವುದಕ್ಕಿಂತ ಅದು ಕೆಲಸಕ್ಕೆ ಬರುವ ಹಾದಿ.

ಹಾಗಾದರೆ ಮಾಡಬೇಕಾದ್ದೇನು? ಬಹಳ ಕಡಿಮೆ, ಆದರೆ ಬೇಗ. ಬಳೆ, ಉಂಗುರ, ಕಾಲುಂಗುರ, ಗೆಜ್ಜೆ ತೆಗೆಯಬೇಕು, ಊತ ಏರಿದ ಮೇಲೆ ಅವು ಹೊರಬರುವುದಿಲ್ಲ. ಕಚ್ಚಿದ ಕೈಯನ್ನೋ ಕಾಲನ್ನೋ ಮುರಿದ ಮೂಳೆಗೆ ಕಟ್ಟುವಂತೆ ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ, ಅಲ್ಲಾಡದಂತೆ ನೋಡಿಕೊಳ್ಳಬೇಕು. ನಡೆಸಬಾರದು, ಓಡಿಸಲಂತೂ ಕೂಡದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ತಡ ಎನಿಸಿದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡಾದರೂ ಹೊರಡಬೇಕು. ವಾಂತಿ ಮಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಬೇಕು. ಹಾವನ್ನು ಬೆನ್ನಟ್ಟುವುದು, ಹೊಡೆದು ಚೀಲದಲ್ಲಿ ತರುವುದು ಬೇಡವೇ ಬೇಡ. ಕತ್ತರಿಸಿದ ತಲೆಯೂ ಕೆಲಹೊತ್ತು ಕಚ್ಚಬಲ್ಲದು. ದೂರದಿಂದ ಮೊಬೈಲಿನಲ್ಲಿ ಒಂದು ಫೋಟೊ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ.

ಆಸ್ಪತ್ರೆಯವರು ಅದನ್ನು ಎಎಸ್‌ವಿ ಎನ್ನುತ್ತಾರೆ, ಊರವರು ‘ಹಾವಿನ ಇಂಜೆಕ್ಷನ್’. ಹೆಚ್ಚಾಗಿ ಬೆಳ್ಳನೆಯ ಪುಡಿಯ ರೂಪದಲ್ಲಿ ವಯಲ್‌ಗಳಲ್ಲಿ ಬರುತ್ತದೆ. ಒಂದೊಂದಕ್ಕೂ ಹತ್ತು ಮಿಲಿಲೀಟರ್ ನೀರು ಸೇರಿಸಿ, ಕುಲುಕಿದರೆ ನೊರೆ ಬರುವುದರಿಂದ ಮೆಲ್ಲಗೆ ತಿರುಗಿಸುತ್ತ ಕರಗಿಸಬೇಕು. ಶುರುವಿಗೆ 8ರಿಂದ 10 ವಯಲ್, ಒಂದು ಗಂಟೆಯೊಳಗೆ ಡ್ರಿಪ್ಪಿನಲ್ಲಿ. ಮಕ್ಕಳಿಗೂ ಅಷ್ಟೇ ಪ್ರಮಾಣ, ಹಾವು ಮಗುವೆಂದು ವಿಷವನ್ನೇನೂ ಕಡಿಮೆ ಬಿಡುವುದಿಲ್ಲವಲ್ಲ. ಸಮಸ್ಯೆಯೆಂದರೆ ಇದು ಕುದುರೆಯ ರಕ್ತದಿಂದ ಬಂದದ್ದು. ಕೆಲವರ ಮೈ ಅದನ್ನು ಒಪ್ಪುವುದಿಲ್ಲ. ದದ್ದು, ನಡುಕ, ಕೆಲವೊಮ್ಮೆ ರಕ್ತದೊತ್ತಡ ಕುಸಿದು ಗಂಟಲು ಕಟ್ಟುತ್ತದೆ. ಅದಕ್ಕೆ ಮದ್ದು ಅಡ್ರಿನಲಿನ್, ತೊಡೆಯ ಸ್ನಾಯುವಿಗೆ. ಡ್ರಿಪ್ ಹಚ್ಚುವ ಮೊದಲೇ ಅದನ್ನು ಸಿರಿಂಜಿಗೆ ಎಳೆದು ಪಕ್ಕದಲ್ಲಿಟ್ಟುಕೊಳ್ಳುವ ವೈದ್ಯರಿಗೆ ಅರ್ಧ ಭಯ ಹೋಗಿರುತ್ತದೆ. ಇಷ್ಟು ಧೈರ್ಯವಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫ್ರಿಜ್ಜಿನ ಪಕ್ಕ ವಯಲ್ ಇದ್ದರೂ ‘ತಾಲ್ಲೂಕಿಗೆ ಕರ್ಕೊಂಡು ಹೋಗಿ’ ಎಂಬ ಚೀಟಿ ಕೈಗೆ ಬರುತ್ತದೆ. ತಾಲ್ಲೂಕಿನಿಂದ ಜಿಲ್ಲೆಗೆ ಇನ್ನೊಂದು ಚೀಟಿ. ಹಗ್ಗ ಕಟ್ಟಿದವರಷ್ಟೇ ಈ ಚೀಟಿಗಳೂ ಹೊತ್ತು ತಿಂದಿವೆ.

ವಯಲ್‌ನೊಳಗಿನ ಕಥೆ ಶುರುವಾಗುವುದು ಮಹಾಬಲಿಪುರದ ಹತ್ತಿರದ ವಡನೆಮ್ಮೇಲಿಯಲ್ಲಿ. ಹಾವಿನ ಚರ್ಮದ ವ್ಯಾಪಾರ ನಿಷೇಧವಾಗಿ ಹೊಟ್ಟೆಪಾಡು ಕಳೆದುಕೊಂಡ, ಹಾವು ಹಿಡಿಯುವ ಇರುಳ ಬುಡಕಟ್ಟಿನವರು 1978ರಲ್ಲಿ ಅಲ್ಲಿ ಸಹಕಾರ ಸಂಘ ಕಟ್ಟಿದರು. ಅದರ ಹಿಂದೆ ನಿಂತವರು ಮುಂದೆ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದ ರೋಮುಲಸ್ ವಿಟೇಕರ್. ಹಿಡಿದ ಹಾವನ್ನು ಮಣ್ಣಿನ ಮಡಕೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟುತ್ತಾರೆ. ವಾರಕ್ಕೊಮ್ಮೆಯಂತೆ ಕೆಲವು ಸಲ ವಿಷ ತೆಗೆದು, ಮತ್ತೆ ಅದೇ ಹಾವು ಬಂದರೆ ತಿಳಿಯಲೆಂದು ಹೊಟ್ಟೆಯ ಹುರುಪೆಯ ಮೇಲೆ ಗುರುತು ಮಾಡಿ, ಕಾಡಿಗೆ ಬಿಡುತ್ತಾರೆ. ಆ ವಿಷ ಪುಡಿಯಾಗಿ ಔಷಧ ಕಂಪನಿ ಸೇರುತ್ತದೆ, ಕುದುರೆಗೆ ಚೂರುಚೂರೇ ಚುಚ್ಚಿ ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಇಬ್ಬರು ಇರುಳರಿಗೆ, ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ, 2023ರಲ್ಲಿ ಪದ್ಮಶ್ರೀ ಬಂತು.

ದೇಶಕ್ಕೆಲ್ಲ ಬೇಕಾದ ವಿಷದ ದೊಡ್ಡ ಪಾಲು ತಮಿಳುನಾಡಿನ ಒಂದು ಮೂಲೆಯ ಹಾವುಗಳದ್ದು ಎಂಬಲ್ಲೇ ತೊಡಕು. ಒಂದೇ ಜಾತಿಯ ಹಾವಾದರೂ ಊರಿಂದೂರಿಗೆ ವಿಷದ ಪಾಕ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುಣಗಾರ್ ಮತ್ತು ಅವರ ತಂಡ ವರ್ಷಗಳಿಂದ ಇದನ್ನೇ ಬಗೆಯುತ್ತಿದೆ. ದೇಶದ 34 ಕಡೆಯ 115 ಕೊಳಕುಮಂಡಲಗಳ ವಿಷ ಹೋಲಿಸಿ, ಮಳೆ ಮತ್ತು ಉಷ್ಣತೆಗೆ ತಕ್ಕಂತೆ ಅದು ಬದಲಾಗುವುದನ್ನು 2025ರಲ್ಲಿ ಅವರು ತೋರಿಸಿದರು. ಒಣ ಸೀಮೆಯ ಹಾವಿನ ವಿಷದಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳ ಅಬ್ಬರ ಹೆಚ್ಚು. ಸಂಗತಿ ಪೂರ್ತಿ ಹೊಸದೂ ಅಲ್ಲ. 1890ರ ದಶಕದಲ್ಲಿ ಮೊದಲ ಪ್ರತಿವಿಷ ತಯಾರಿಸಿದ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ತಮ್ಮ ನಾಗರಹಾವಿನ ಸೀರಮ್ ಬೇರೆ ಹಾವಿಗೂ ಆಗುತ್ತದೆ ಎಂದಿದ್ದರು. ಇಲ್ಲಿ ಸೇನಾ ವೈದ್ಯ ಜಾರ್ಜ್ ಲ್ಯಾಂಬ್ ಅದು ಕೊಳಕುಮಂಡಲಕ್ಕೆ ನಾಟುವುದಿಲ್ಲ ಎಂದು 20ನೇ ಶತಮಾನದ ಆರಂಭದಲ್ಲೇ ಪ್ರಯೋಗ ಮಾಡಿ ಹೇಳಿದರು.

ಮಲೆನಾಡಿನವರಿಗೆ ಇದು ಪುಸ್ತಕದ ಮಾತಲ್ಲ. ಅಡಿಕೆ ಸೋಗೆ ಎತ್ತುವಾಗ, ಕಾಫಿ ಗಿಡದ ಬುಡ ಬಿಡಿಸುವಾಗ ಕಚ್ಚುವ ಗುಳಿಮಂಡಲಗಳು ನಾಲ್ಕರ ಪಟ್ಟಿಯಲ್ಲಿ ಇಲ್ಲ. ಹೆಚ್ಚಿನವು ನೋವು, ಊತ ಕೊಟ್ಟು ಬಿಡುತ್ತವೆ. ಆದರೆ ಗೂನು ಮೂಗಿನ ಗುಳಿಮಂಡಲ ರಕ್ತವನ್ನೂ ಕೆಡಿಸಬಲ್ಲದು, ಮೂತ್ರಪಿಂಡವನ್ನೂ ಕೆಡಿಸಬಲ್ಲದು. ನೋಡಲು ಗರಗಸ ಮಂಡಲದ ಹಾಗಿರುವ ಅದಕ್ಕೆ ವಯಲ್ ಮೇಲೆ ವಯಲ್ ಏರಿಸಿದರೂ ಉಪಯೋಗವಿಲ್ಲ, ಅಲರ್ಜಿ ಮಾತ್ರ ಲಾಭ. ಕಾಳಿಂಗ ಸರ್ಪಕ್ಕೂ ಭಾರತದ ಪ್ರತಿವಿಷ ಇಲ್ಲ. ಪಶ್ಚಿಮಘಟ್ಟದ ಕಾಳಿಂಗ ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ಗುರುತಾಗಿ, ‘ಓಫಿಯೋಫೇಗಸ್ ಕಾಳಿಂಗ’ ಎಂಬ ಹೆಸರೂ ಬಂತು. ಪುಣ್ಯಕ್ಕೆ ಅದು ಮನುಷ್ಯರನ್ನು ಕಚ್ಚುವುದು ತೀರಾ ವಿರಳ.

ಔಷಧವೇ ಇಲ್ಲದ ಕಡೆ ಒಬ್ಬ ವೈದ್ಯ ಏನು ಮಾಡಬಹುದು ಎಂಬುದಕ್ಕೆ ಕೊಂಕಣದಲ್ಲೊಂದು ಉದಾಹರಣೆಯಿದೆ. ಮಹಾರಾಷ್ಟ್ರದ ಮಹಾಡ್ ಸುತ್ತಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1970ರ ದಶಕದಲ್ಲಿ ಬಂದ ಹಿಮ್ಮತರಾವ್ ಬಾವಸ್ಕರ್ ಅವರಿಗೆ ಎದುರಾದದ್ದು ಕೆಂಪು ಚೇಳು. ಉತ್ತರ ಕರ್ನಾಟಕದಲ್ಲೂ ಇರುವ ಚೇಳು ಇದು. ನಮ್ಮ ಕರಿಚೇಳು ಕುಟುಕಿದರೆ ವಿಪರೀತ ನೋವು, ಅಷ್ಟೆ. ಕೆಂಪುಚೇಳು ಕುಟುಕಿದ ಮಕ್ಕಳು ಮೈಯೆಲ್ಲ ಬೆವೆತು, ಕೈಕಾಲು ತಣ್ಣಗಾಗಿ, ವಾಂತಿ ಮಾಡಿ, ಕೊನೆಗೆ ಬಾಯಲ್ಲಿ ಕೆಂಪು ನೊರೆ ಬಂದು ಸಾಯುತ್ತಿದ್ದರು. ಬಾವಸ್ಕರ್ ಮಂಚದ ಪಕ್ಕ ಕೂತು ಗಂಟೆಗಂಟೆಗೂ ನಾಡಿ, ರಕ್ತದೊತ್ತಡ ಬರೆದಿಟ್ಟುಕೊಂಡರು. ಸಾವಿಗೆ ಕಾರಣ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುವುದು ಎಂಬುದು ಗೊತ್ತಾಯಿತು. ಅವರ ಬರಹ 1982ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಆಮೇಲೆ ಅವರು ಹಿಡಿದದ್ದು ರಕ್ತದೊತ್ತಡಕ್ಕೆ ಕೊಡುವ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆ. ಕೈಕಾಲು ಬೆಚ್ಚಗಾಗುವವರೆಗೆ ಅದನ್ನು ಕೊಡುತ್ತ ಹೋದರೆ ಹೃದಯದ ಮೇಲಿನ ಹೊರೆ ಇಳಿಯುತ್ತದೆ. ನೂರಕ್ಕೆ ಮೂವತ್ತು ನಲವತ್ತು ಇದ್ದ ಸಾವು ಒಂದೆರಡಕ್ಕೆ ಇಳಿಯಿತು. ಅವರಿಗೆ 2022ರಲ್ಲಿ ಪದ್ಮಶ್ರೀ ಸಿಕ್ಕಿತು.

ಚೇಳಿನಂತೆ ಕುಟುಕುವ ಹೆಜ್ಜೇನಿನ ವಿಚಾರದಲ್ಲಿ ಇಷ್ಟು ಸಾಕು: ಚರ್ಮದಲ್ಲಿ ಉಳಿದ ಕೊಂಡಿ ವಿಷದ ಚೀಲ ಸಮೇತ ಒತ್ತುತ್ತಲೇ ಇರುತ್ತದೆ, ಉಗುರಿನಿಂದಲೋ ಚಿಮುಟದಿಂದಲೋ, ಹೇಗಾದರೂ ಸರಿ, ತಕ್ಷಣ ಕೀಳಬೇಕು. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ ಒಂದೇ ಕುಟುಕಾದರೂ ಆಸ್ಪತ್ರೆ, ಅಲ್ಲಿ ಅದೇ ಅಡ್ರಿನಲಿನ್. ನೂರಾರು ಕುಟುಕಾದವರು ಚೆನ್ನಾಗಿದ್ದಾರೆ ಎನಿಸಿದರೂ ಮೂತ್ರದ ಬಣ್ಣ, ಪ್ರಮಾಣ ಗಮನಿಸಲು ಒಂದೆರಡು ದಿನ ಒಳರೋಗಿಯಾಗಿರುವುದು ಲೇಸು.

ಮತ್ತೆ ಹಾವಿನ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ದೇಶದಲ್ಲೇ ಮೊದಲಾಗಿ, ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಇದನ್ನು ಅಧಿಸೂಚಿತ ರೋಗವೆಂದು ಘೋಷಿಸಿತು. ಖಾಸಗಿ ಆಸ್ಪತ್ರೆಯೂ ಪ್ರತಿ ಪ್ರಕರಣವನ್ನು ವರದಿ ಮಾಡಬೇಕು. ಮರು ತಿಂಗಳು ಕೇಂದ್ರ ಸರ್ಕಾರದ ಕ್ರಿಯಾಯೋಜನೆ ಬಂತು, 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವುದು ಅದರ ಗುರಿ. ವರದಿಯಿಂದ ಮೇಲ್ನೋಟಕ್ಕೆ ಪ್ರಕರಣಗಳ ಸಂಖ್ಯೆ ಏರಬಹುದು, ಅದಕ್ಕೆ ಗಾಬರಿಯಾಗಬೇಕಿಲ್ಲ, ಮುಚ್ಚಿಹೋಗಿದ್ದು ಕಾಣತೊಡಗಿತು ಎಂದಷ್ಟೇ ಅರ್ಥ. ಯಾವ ಹೋಬಳಿಯಲ್ಲಿ ಮುಂಗಾರಿಗೆ ಮೊದಲು ಎಷ್ಟು ವಯಲ್ ಇರಬೇಕು ಎಂದು ಲೆಕ್ಕ ಹಾಕಲು ಆ ಕಾಗದವೇ ಆಧಾರ.

ಕುದುರೆಯ ಹಂಗನ್ನೇ ಬಿಡುವ ಪ್ರಯತ್ನವೂ ನಡೆದಿದೆ. ಸುಣಗಾರ್ ತಂಡ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯವರು ಪ್ರಯೋಗಾಲಯದಲ್ಲಿ ರೂಪಿಸಿದ ಪ್ರತಿಕಾಯವೊಂದು ನಾಗರ, ಕಟ್ಟುಹಾವು, ಕಾಳಿಂಗದಂಥ ಹಾವುಗಳ ನರವಿಷದ ಒಂದು ಮುಖ್ಯ ಬಗೆಯನ್ನು ಕಟ್ಟಿಹಾಕುತ್ತದೆ. ಇಲಿಗಳ ಮೇಲೆ ಫಲ ಕೊಟ್ಟಿರುವುದಾಗಿ 2024ರಲ್ಲಿ ಪ್ರಕಟಿಸಿದರು. ಮನುಷ್ಯರವರೆಗೆ ಬರಲು ಇನ್ನೂ ಹಲವು ಹಂತಗಳಿವೆ. ಕೊಳಕುಮಂಡಲದ ವಿಷದ ಬಗೆಯೇ ಬೇರೆ, ಅದರ ಮೇಲೆ ಈ ಪ್ರತಿಕಾಯ ನಡೆಯುವುದಿಲ್ಲ. ಅದಕ್ಕೆ ಸದ್ಯ ಕುದುರೆಯೇ, ಹತ್ತು ವಯಲ್ಲೇ.